ಆಳು ಮಾಡಿದ್ದು ಹಾಳು ಅಂದವರು ಯಾರು?

ಬಳ್ಳಾರಿಯ ಓದುಗರೊಬ್ಬರು ಬರೆದಿದ್ದಾರೆ: "ಕೌಲ್ ಬಜಾರಿನಲ್ಲಿ ನನ್ನದು ಜೀನ್ಸ್ ಹೊಲಿಯುವ ಘಟಕ. 18 ಮಷಿನ್ ಇವೆ. ನಾನು ನಿಂತರೆ ಕೆಲಸ, ಕೂತರೆ ಇಲ್ಲ. ಸೂಪರ್‌ವೈಸರ್ ಮಾತೆತ್ತಿದರೆ ಫೋನ್ ಮಾಡ್ತಾನೆ. ಕ್ಯಾಮೆರಾ ಹಾಕಿಸಿದೆ, ಮನೇಲಿ ಊಟಕ್ಕೆ ಕೂತಾಗಲೂ ನೋಡ್ತೀನಿ. 'ಅವರನ್ನ ಅವರ ಪಾಡಿಗೆ ಬಿಡು' ಅಂತ ಮಗ ಬೈತಾನೆ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ ಹಿರಿಯರು ಸುಮ್ನೆ ಹೇಳಿದಾರಾ?"

ಸುಮ್ನೆ ಹೇಳಿಲ್ಲ ಸಾವ್ಕಾರ್ರೇ. ಆದರೆ ಆ ಗಾದೆ ಕಟ್ಟಿದವನೂ ಸಾವ್ಕಾರನೇ. ಆಳು ಕಟ್ಟಿದ್ದರೆ ಬೇರೆ ತರ ಇರ್ತಿತ್ತು. ನಿಮ್ಮ ಮಗನನ್ನೂ ಅದು ಮಧ್ಯಮಕ್ಕೆ ಇಳಿಸಿದೆ ನೋಡಿ. ಪತ್ರದಲ್ಲಿ ಬುದ್ಧಿಯ ಮಾತು ಆಡಿದವನು ಅವನೊಬ್ಬನೇ!

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಕಟಿಂಗ್ ಟೇಬಲ್ ಹತ್ತಿರ ಬೇಕಾದರೆ ನಿಲ್ಲಿ, ಬೇಡ ಅನ್ನಲ್ಲ.

ಆದರೆ ಹೊಲಿಗೆಗೆ ಬನ್ನಿ. ಒಂದು ಪ್ಯಾಂಟಿನ ತುಂಡುಗಳಿಗೆಲ್ಲ ಒಂದೇ ನಂಬರಿನ ಸ್ಟಿಕ್ಕರ್ ಇರುತ್ತದೆ, ಅಲ್ವಾ? ಬಂಡಲ್ ಕಲಸಿಹೋಗಿ ಬೇರೆ ಥಾನಿನ (ಬಟ್ಟೆ ಸುರುಳಿಯ) ತುಂಡು ಸೇರಿದರೆ ಬಣ್ಣದ ವ್ಯತ್ಯಾಸ ಹೊಲಿಯುವಾಗ ಕಣ್ಣಿಗೆ ಕಾಣದೇ ಇರಬಹುದು. ವಾಷಿಂಗ್ ಆಗಿ ಬಂದ ಮೇಲೆ ಒಂದು ಕಾಲು ಕಡುನೀಲಿ, ಇನ್ನೊಂದು ತಿಳಿನೀಲಿ. ಇದನ್ನು ಮೊದಲು ಹಿಡಿಯಬಲ್ಲವನು ಯಾರು? ಮುಂದಿನ ತುಂಡು, ಹಿಂದಿನ ತುಂಡು ಎರಡನ್ನೂ ಕೈಯಲ್ಲಿ ಹಿಡಿದು ಸೈಡ್ ಹೊಲಿಯುವವನು. ನಂಬರ್ ಅವನ ಹೆಬ್ಬೆರಳ ಕೆಳಗೇ ಇದೆ. ಆದರೆ ಅವನಿಗೆ ಪೀಸಿಗೆ ಇಷ್ಟು ಅಂತ ಕೂಲಿ. ಮಷಿನ್ ನಿಲ್ಲಿಸಿದರೆ ದುಡ್ಡು ಹೋಯ್ತು. ಕೇಳಿದರೆ ಸೂಪರ್‌ವೈಸರ್ ನಿಮಗೆ ಫೋನ್ ಮಾಡಬೇಕು. 'ನೋಡೋಕೆ ಸಾವ್ಕಾರ್ ಇದಾರಲ್ಲ' ಅಂತ ಅವನು ಪೆಡಲ್ ಒತ್ತುತ್ತಾನೆ. ನಿಮ್ಮ ಕ್ಯಾಮೆರಾಕ್ಕೆ ಕಾಣುವುದು ಬಗ್ಗಿದ ತಲೆ ಮಾತ್ರ. ಟೊಯೋಟಾ ಕಾರ್ಖಾನೆಯಲ್ಲಿ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆಯಬಹುದು. ಅಲ್ಲೇ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ನಿಮಗೆ ಹಗ್ಗ ಬೇಡ. ಕೈ ಎತ್ತಿದವನ ಕೂಲಿ ಮುರಿಯಬೇಡಿ, ಸಾಕು.

ಇನ್ನು ಸೂಪರ್‌ವೈಸರ್ ಫೋನು. 1974ರಲ್ಲಿ ವಿಲಿಯಂ ಆಂಕೆನ್, ಡೊನಾಲ್ಡ್ ವಾಸ್ ಅನ್ನುವವರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಮಂಗನ ಲೆಕ್ಕ ಬರೆದರು. ಕೆಳಗಿನವನು ಸಮಸ್ಯೆ ತಂದಾಗ ಮೇಲಿನವನು 'ಇರು, ನೋಡಿ ಹೇಳ್ತೀನಿ' ಅಂದ ತಕ್ಷಣ ಆ ಸಮಸ್ಯೆಯೆಂಬ ಮಂಗ ಅವನ ಹೆಗಲಿಂದ ಇವನ ಹೆಗಲಿಗೆ ಹಾರುತ್ತದೆ. ಅಂಜನಾದ್ರಿ ಮೆಟ್ಟಿಲ ಮೇಲೆ ಬಾಳೆಹಣ್ಣು ಹೋದದ್ದಾದರೂ ಗೊತ್ತಾಗುತ್ತದೆ. ಈ ಮಂಗ ಬಂದು ಕೂತದ್ದೇ ಗೊತ್ತಾಗಲ್ಲ. ಅವನು ಫೋನ್ ಮಾಡಿದಾಗ 'ನೀನೇನು ಮಾಡಬೇಕು ಅಂತಿದ್ದೀ?' ಅಂತ ಕೇಳಿ. ಮೊದಮೊದಲು ತಡವರಿಸ್ತಾನೆ, ತಡವರಿಸಲಿ ಬಿಡಿ.

ನಾನು ಕೆಲಸ ಕಲಿತ ವಾರಪತ್ರಿಕೆಯ ಸಂಪಾದಕರು ನಾವು ಕೊಟ್ಟ ಶೀರ್ಷಿಕೆ ಒಂದನ್ನೂ ಉಳಿಸುತ್ತಿರಲಿಲ್ಲ. ಕೊನೆಗೆ ನಾವು ಬರೆಯುವುದನ್ನೇ ಬಿಟ್ಟು, ಆ ಜಾಗದಲ್ಲಿ 'ಹೆಡ್ಡಿಂಗ್ ಬರಬೇಕು' ಅಂತ ಹಾಕಿಡುತ್ತಿದ್ದೆವು. ಅವರು ಜ್ವರ ಬಂದು ಮಲಗಿದ ವಾರ ಎರಡನೇ ಪುಟ ಹಾಗೇ ಅಚ್ಚಾಗಿ ಊರೆಲ್ಲ ಹಂಚಿಹೋಯಿತು. ನಮಗೇನೂ ನಾಚಿಕೆ ಆಗಲಿಲ್ಲ. ಅದು ಅವರ ಕೆಲಸ ಅಂದುಕೊಂಡಿದ್ದೆವು!

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ಈಗ ಕಾಲವೇ ಹಾಗಿದೆ. 2023ರ ಜನವರಿಯಲ್ಲಿ ನರೇಗಾ ಕೂಲಿಯವರ ಹಾಜರಿ ಆ್ಯಪ್‌ಗೆ ಹೋಯಿತು, ದಿನಕ್ಕೆ ಎರಡು ಸಲ ಫೋಟೋ. ಕೊಪ್ಪಳ, ರಾಯಚೂರು ಕಡೆ ಹೊಲಗಳ ಬಿಸಿಲಲ್ಲಿ ನೆಟ್‌ವರ್ಕ್ ಹುಡುಕುತ್ತಾ ಮೊಬೈಲ್ ಎತ್ತಿ ಹಿಡಿದವರನ್ನು ನೋಡಿದರೆ ಸಂಕಟವಾಗುತ್ತದೆ. ಸುಳ್ಳು ಹಾಜರಿ ತಡೆಯೋಕೆ ಅಂತಾರೆ, ಇರಲಿ. ಆದರೆ ಹಾಕಿದ ಬದು ಮಳೆಗೆ ನಿಲ್ಲುತ್ತದೋ ಇಲ್ಲವೋ ಆ ಫೋಟೋ ಹೇಳುತ್ತದಾ? ಟೀಚರಿಗೂ ಫೋಟೋ, ಅಂಗನವಾಡಿ ಅಕ್ಕನಿಗೂ ಫೋಟೋ. ಕೆಲಸಕ್ಕಿಂತ ಕೆಲಸ ಮಾಡಿದ ಸಾಕ್ಷಿಯೇ ಜಾಸ್ತಿ ಆಗಿದೆ.

ಮುಂದಿನ ಸಣ್ಣ ಲಾಟ್ ಒಂದನ್ನು ಸೂಪರ್‌ವೈಸರ್ ಕೈಗೆ ಪೂರ್ತಿ ಕೊಡಿ. ಮೊದಲ ಪೀಸ್ ಇಬ್ಬರೂ ಕೂತು ನೋಡಿ, ಆಮೇಲೆ ಮನೆಗೆ ಹೋಗಿ. ಕ್ಯಾಮೆರಾ ತೆರೆಯಬೇಡಿ. ಎಷ್ಟು ಪೀಸ್ ಆಲ್ಟ್ರೇಷನ್‌ಗೆ ವಾಪಸ್ ಬಂತು ಅಂತ ಎಣಿಸಿ ನಮಗೆ ಬರೆಯಿರಿ. ಜಾಸ್ತಿ ಬಂದರೂ ಇದೇ ಪುಟದಲ್ಲಿ ಹಾಕುತ್ತೇವೆ. ಆ ಪತ್ರಕ್ಕೆ ಶೀರ್ಷಿಕೆ ಮಾತ್ರ ನಿಮ್ಮ ಮಗನೇ ಕೊಡಲಿ.