ಕಾನೂನು ಸಲಹೆ: ಬೇಲಿ ಜಗಳ, ಕೋವಿಯ ಚರೆ, ಐದು ಕಿಲೋ ಕರಿಮೆಣಸು

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರಿಮಿನಲ್ ಮೊಕದ್ದಮೆಗಳ ಕುರಿತಾಗಿವೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿರುವುದರಿಂದ, ಉತ್ತರಗಳಲ್ಲಿ ಹೊಸ ಕಲಮುಗಳನ್ನೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ತೋಟದ ಬೇಲಿಯ ವಿಷಯದಲ್ಲಿ ನಡೆದ ಜಗಳದಲ್ಲಿ ನನ್ನ ತಮ್ಮ ಪಕ್ಕದ ತೋಟದವರಿಗೆ ಕತ್ತಿಯ ಹಿಡಿಯಿಂದ ಹೊಡೆದನೆಂದು ಎಫ್‌ಐಆರ್ ಆಗಿದೆ. ಠಾಣೆಗೆ ಬರಬೇಕೆಂದು ವಾಟ್ಸಾಪ್‌ನಲ್ಲಿ ನೋಟಿಸ್ ಕಳುಹಿಸಿದ್ದಾರೆ. ನಮ್ಮ ಕುಟುಂಬದ ಜಾಗದ ವ್ಯಾಜ್ಯವನ್ನು ಬಹಳ ವರ್ಷಗಳಿಂದ ನೋಡುತ್ತಿರುವ ಹಿರಿಯ ವಕೀಲರಿದ್ದಾರೆ. ಅವರಿಗೇ ಇದನ್ನೂ ವಹಿಸಬಹುದೇ, ಇಲ್ಲವೇ ಬೆಂಗಳೂರಿನಿಂದ ದೊಡ್ಡ ವಕೀಲರನ್ನು ಕರೆಸಬೇಕೇ? – ನಾಪೋಕ್ಲು

ಉತ್ತರ: ವಕೀಲರನ್ನು ಹುಡುಕುವ ಮೊದಲು ಎಫ್‌ಐಆರ್‌ನ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಅದರಲ್ಲಿ ನಮೂದಾಗಿರುವ ಕಲಮು ಯಾವುದೆಂಬುದರ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಬರೀ ಹೊಡೆತವೆಂದು ನ್ಯಾಯ ಸಂಹಿತೆಯ 115(2) ಹಾಕಿದ್ದರೆ ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದ್ದು, ಅದು ಜಾಮೀನು ಹಕ್ಕಾಗಿ ಸಿಗುವ ಅಪರಾಧ. ಮಾರಕ ಆಯುಧದಿಂದ ಗಾಯಗೊಳಿಸಿದರೆಂದು 118(1) ಹಾಕಿದ್ದರೆ ಸಜೆ ಮೂರು ವರ್ಷದವರೆಗೆ ಹೋಗುತ್ತದೆ, ಜಾಮೀನು ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಬರುತ್ತದೆ. ಕತ್ತಿಯ ಅಲುಗು ತಾಗಿತೋ, ಮರದ ಹಿಡಿ ತಾಗಿತೋ ಎಂಬುದು ಮನೆಯವರಿಗೆ ಕ್ಷುಲ್ಲಕವೆನಿಸಿದರೂ ಇಲ್ಲಿ ಅದೇ ಮುಖ್ಯವಾದ ಸಂಗತಿ. ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ‘ಕೊಯ್ದ ಗಾಯ’ ಎಂದಿದೆಯೋ, ‘ಮೊಂಡು ವಸ್ತುವಿನಿಂದಾದ ಗಾಯ’ ಎಂದಿದೆಯೋ ಎಂಬುದನ್ನು ಕೇಳಿ ತಿಳಿಯುವ ವಕೀಲರು ನಿಮಗೆ ಬೇಕು. ಫೀಸಿನ ಮಾತಿಗೆ ಮೊದಲು ಎಫ್‌ಐಆರ್ ಓದುವವರನ್ನು ನಾನು ನಂಬುತ್ತೇನೆ. ಓದದೆಯೇ ‘ಜಾಮೀನು ಖಂಡಿತ’ ಎನ್ನುವವರನ್ನು ನಂಬುವುದಿಲ್ಲ.

ನಿಮ್ಮ ಹಿರಿಯ ವಕೀಲರ ವಿಷಯ. ಸಿವಿಲ್ ದಾವೆಯಲ್ಲಿ ದಾಖಲೆಗಳದೇ ಕಾರುಬಾರು. ಕ್ರಿಮಿನಲ್ ಮೊಕದ್ದಮೆ ಬಹುಮಟ್ಟಿಗೆ ಸಾಕ್ಷಿಗಳ ಪಾಟೀಸವಾಲಿನಲ್ಲಿ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಎರಡರಲ್ಲೂ ಪಳಗಿದವರು ಕೊಡಗಿನಲ್ಲಿ ಇಲ್ಲವೆಂದಲ್ಲ. ಆದರೆ ‘ಇತ್ತೀಚೆಗೆ ನೀವು ಪೂರ್ಣ ವಿಚಾರಣೆ ನಡೆಸಿದ ಹೊಡೆದಾಟದ ಪ್ರಕರಣ ಯಾವುದು’ ಎಂದು ಅವರನ್ನೇ ವಿನಯದಿಂದ ಕೇಳಿ. ಅನುಭವಸ್ಥರು ಇದಕ್ಕೆ ಬೇಸರಪಡುವುದಿಲ್ಲ. ಇನ್ನೊಂದು ಉಪಾಯವಿದೆ. ವಿಚಾರಣೆಗಳು ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುವುದರಿಂದ, ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಂದು ಬೆಳಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತು, ಯಾರು ಸಾಕ್ಷಿಯನ್ನು ಗದರಿಸುತ್ತಾರೆ, ಯಾರು ಮಹಜರಿನ ಸಮಯಕ್ಕೂ ಸಾಕ್ಷಿಯ ಹೇಳಿಕೆಗೂ ಇರುವ ವ್ಯತ್ಯಾಸವನ್ನು ಸಣ್ಣ ಸಣ್ಣ ಪ್ರಶ್ನೆಗಳಿಂದ ಹೊರತೆಗೆಯುತ್ತಾರೆ ಎಂಬುದನ್ನು ನೀವೇ ನೋಡಬಹುದು. ವಕೀಲರು ಜಾಹೀರಾತು ಕೊಡುವಂತಿಲ್ಲವಾದ್ದರಿಂದ ಇದಕ್ಕಿಂತ ಒಳ್ಳೆಯ ಪರಿಚಯಪತ್ರ ಬೇರೆ ಸಿಗಲಾರದು. ಜಿಲ್ಲೆ ಚಿಕ್ಕದು, ಎಲ್ಲರಿಗೂ ಎಲ್ಲರೂ ಪರಿಚಿತರೇ. ಆದ್ದರಿಂದ ಆ ಪಕ್ಕದ ತೋಟದವರಿಗೆ ಇದೇ ವಿಷಯದಲ್ಲಿ ಅವರು ಮೊದಲೇ ಸಲಹೆ ಕೊಟ್ಟಿದ್ದಾರೆಯೇ ಎಂಬುದನ್ನೂ ಕೇಳಿಬಿಡಿ. ಹಾಗೆ ಕೊಟ್ಟಿದ್ದರೆ ಅವರು ನಿಮ್ಮ ಪರವಾಗಿ ಹಾಜರಾಗುವಂತಿಲ್ಲ.

ಬೆಂಗಳೂರಿನ ವಕೀಲರು ಹೈಕೋರ್ಟಿಗೆ ಹೋಗಬೇಕಾದಾಗ ಸಾಕು. ವಿಚಾರಣೆ ಪದೇ ಪದೇ ಮುಂದೂಡುತ್ತದೆ, ಜುಲೈ ಮಳೆಯಲ್ಲಿ ಘಟ್ಟ ಹತ್ತಿ ಬಂದವರು ಮಧ್ಯಾಹ್ನದ ಹೊತ್ತಿಗೆ ಮುಂದಿನ ದಿನಾಂಕ ಪಡೆದು ಇಳಿಯಬೇಕಾಗುತ್ತದೆ. ಕೊನೆಗೆ ನಿಜವಾಗಿ ಹಾಜರಾಗುವವರು ಅವರ ಕಿರಿಯರು. ಯಾರನ್ನೇ ನೇಮಿಸಿದರೂ, ಪ್ರತಿ ದಿನಾಂಕಕ್ಕೆ ಯಾರು ಬರುತ್ತಾರೆ, ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು ಎಂಬುದನ್ನು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ‘ಗೆದ್ದರೆ ಇಷ್ಟು’ ಎಂಬ ಷರತ್ತಿನ ಫೀಸು ವಕೀಲರ ನಡತೆಯ ನಿಯಮಗಳಿಗೆ ವಿರುದ್ಧ.

ನೋಟಿಸಿನ ವಿಷಯ: ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ನೇರ ಬಂಧನಕ್ಕೆ ಬದಲಾಗಿ ಸುರಕ್ಷಾ ಸಂಹಿತೆಯ 35(3)ರ ಅಡಿ ನೋಟಿಸ್ ಕೊಡುವುದು ರೂಢಿ. ಅದನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಜಾರಿಯಾದಂತಾಗದು ಎಂದು ಸುಪ್ರೀಂ ಕೋರ್ಟ್ 2025ರ ಆರಂಭದಲ್ಲಿ ಹೇಳಿದೆ. ಹಾಗೆಂದು ಸುಮ್ಮನೆ ಕೂರಬೇಡಿ; ವಕೀಲರ ಮೂಲಕ ಪತ್ರ ಬರೆಸಿ, ಸರಿಯಾದ ನೋಟಿಸ್ ಪಡೆದು ಹಾಜರಾಗಿ. ತನಿಖಾಧಿಕಾರಿಯ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಯೂ ಇಲ್ಲ ಎಂಬುದು ತಮ್ಮನಿಗೆ ತಿಳಿದಿರಲಿ.

ಪ್ರಶ್ನೆ: ನಾವು ಕೊಡವರಾದ್ದರಿಂದ ಕೋವಿಗೆ ಪರವಾನಗಿ ಬೇಕಿಲ್ಲ. ಕೈಲ್ ಪೊಳ್ದ್ (ನಮ್ಮ ಆಯುಧಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ನನ್ನ ಬಾವ ಉತ್ಸಾಹದಲ್ಲಿ ಗುಂಡು ಹಾರಿಸಿದಾಗ ಚರೆ ತಾಗಿ ಒಬ್ಬರ ಕಾಲಿಗೆ ಗಾಯವಾಯಿತು. ವಿನಾಯಿತಿ ಇರುವಾಗ ಪ್ರಕರಣ ಹೇಗೆ ನಿಲ್ಲುತ್ತದೆ? ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಬೇಕೇ? – ಗೋಣಿಕೊಪ್ಪಲು

ಉತ್ತರ: ಕೊಡವರಿಗೂ ಜಮ್ಮಾ, ಅಂದರೆ ಕೊಡಗಿನ ವಂಶಪಾರಂಪರ್ಯದ ಜಮೀನಿನ, ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರ ಅಧಿಸೂಚನೆಯಂತೆ 2029ರವರೆಗೆ ಮುಂದುವರಿದಿದೆ. ಅದು ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಮಾತ್ರ ವಿನಾಯಿತಿ. ಕೋವಿಯ ಬಳಕೆಯಲ್ಲಿ ತೋರಿದ ಅಜಾಗರೂಕತೆಗೆ ಅದು ರಕ್ಷೆಯಲ್ಲ. 2019ರ ತಿದ್ದುಪಡಿಯಲ್ಲಿ ಅದೇ ಕಾಯ್ದೆಗೆ ಸೇರಿದ 25(9)ನೇ ಉಪಕಲಮು ಸಮಾರಂಭಗಳಲ್ಲಿ ಸಂಭ್ರಮಕ್ಕಾಗಿ, ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನೇ ಅಪರಾಧವೆಂದು ಹೇಳುತ್ತದೆ. ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ ನ್ಯಾಯ ಸಂಹಿತೆಯ 125ನೇ ಕಲಮು ಬರಬಹುದು. ಇಷ್ಟೇ ಇದ್ದರೆ ಇವು ಜಾಮೀನು ಸಿಗುವ ಅಪರಾಧಗಳಾದ್ದರಿಂದ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುವ ಅಗತ್ಯವೇ ಇಲ್ಲ, ಅದರ ಹೆಸರಿನಲ್ಲಿ ಖರ್ಚೂ ಬೇಡ. ಹಿಂದೆ ದ್ವೇಷವಿತ್ತೆಂದು ಕೊಲೆಯತ್ನದ 109 ಸೇರಿಸಿದ್ದರೆ ಮಾತ್ರ ಕೂಡಲೇ ಸತ್ರ ನ್ಯಾಯಾಲಯಕ್ಕೆ ಸುರಕ್ಷಾ ಸಂಹಿತೆಯ 482ರ ಅಡಿ ಅರ್ಜಿ ಹಾಕಿಸಿ.

ಜಾಮೀನುದಾರರ ವಿಷಯದಲ್ಲಿ ಒಂದು ಸೂಚನೆ. ಜಮ್ಮಾ ಜಾಗದ ಆರ್‌ಟಿಸಿ ಎಷ್ಟೋ ಕಡೆ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಿನಲ್ಲಿ, ಒಕ್ಕದ (ಮನೆತನದ) ಹಲವರ ಜಂಟಿ ಹೆಸರಿನಲ್ಲಿ ಇರುತ್ತದೆ. ಅಂಥ ಆರ್‌ಟಿಸಿ ತಂದವರ ಜಾಮೀನನ್ನು ನ್ಯಾಯಾಲಯ ಒಪ್ಪದೆ ಇಡೀ ದಿನ ಹಾಳಾಗುವ ಸಂಭವವಿದೆ. ಸ್ವಂತ ಹೆಸರಿನ ಆಸ್ತಿ ದಾಖಲೆ ಇರುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಾನು ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ). ಲೈನ್‌ಮನೆಯಲ್ಲಿದ್ದ (ತೋಟದ ಕಾರ್ಮಿಕರ ಸಾಲುಮನೆ) ಕಾರ್ಮಿಕನೊಬ್ಬ ಐದು ಕಿಲೋ ಕರಿಮೆಣಸು ಕದ್ದನೆಂದು ಜೈಲಿನಲ್ಲಿದ್ದಾನೆ. ಅವನ ಹೆಂಡತಿಯ ಬಳಿ ದುಡ್ಡಿಲ್ಲ. ಇಷ್ಟು ಸಣ್ಣ ಕಳವಿಗೂ ಜಾಮೀನಿಲ್ಲವೇ? – ಸಿದ್ದಾಪುರ

ಉತ್ತರ: ಹೊರಗಿನವನು ಇಷ್ಟು ಕದ್ದು, ಅದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಜಾಮೀನು ಸಿಗುವ ಅಪರಾಧ; ಮಾಲು ಹಿಂದಿರುಗಿಸಿದ್ದರೆ ಮೊದಲ ಬಾರಿ ತಪ್ಪಿತಸ್ಥನಾದವನಿಗೆ ಸಮುದಾಯ ಸೇವೆಯ ಶಿಕ್ಷೆಯೇ ಸಾಕಾಗುತ್ತದೆ. ಆದರೆ ಕೆಲಸಗಾರನು ಯಜಮಾನನ ವಶದಲ್ಲಿದ್ದ ಸೊತ್ತು ಕದ್ದರೆ ನ್ಯಾಯ ಸಂಹಿತೆಯ 306ನೇ ಕಲಮು. ಏಳು ವರ್ಷದವರೆಗೆ ಸಜೆ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಅವನು ಆ ತೋಟದ ಹಾಜರಿ ಪುಸ್ತಕದಲ್ಲಿದ್ದನೇ, ಮೆಣಸು ನಿಜವಾಗಿ ಆ ಯಜಮಾನರದೇ ಎಂಬುದನ್ನು ವಕೀಲರು ಮೊದಲು ನೋಡಬೇಕು. ಲೈನ್‌ಮನೆಯಲ್ಲಿದ್ದ ಮಾತ್ರಕ್ಕೆ ಕೆಲಸಗಾರನಾಗಿಬಿಡುವುದಿಲ್ಲ.

ವಕೀಲರಿಗೆ ಹಣ ಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಅವನ ಹೆಂಡತಿ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಲಿ, ಇಲ್ಲವೇ 15100ಕ್ಕೆ ಕರೆ ಮಾಡಲಿ. ಈ ವಕೀಲರು ಕಡಿಮೆ ದರ್ಜೆಯವರೆಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ರಿಮಾಂಡ್ (ಬಂಧಿತನನ್ನು ಬಂಧನದಲ್ಲಿಡಲು ನ್ಯಾಯಾಲಯ ಕೊಡುವ ಆದೇಶ) ಮತ್ತು ಜಾಮೀನು ಅವರ ನಿತ್ಯದ ಕೆಲಸ. 60 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ, ಆದರೆ ಅರ್ಜಿ ಹಾಕಿ ಕೇಳಬೇಕು. ದಿನದ ಲೆಕ್ಕವನ್ನು ಮೊದಲ ರಿಮಾಂಡಿನ ದಿನದಿಂದ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನಗೆ 68 ವರ್ಷ. ನೆರೆಮನೆಯ ಕಳವಿನ ಬಗ್ಗೆ ಸಾಕ್ಷಿ ಹೇಳಲು ಠಾಣೆಗೆ ಬನ್ನಿ ಎಂದು ಮತ್ತೆ ಮತ್ತೆ ಕರೆಯುತ್ತಾರೆ. ಹೋಗಲೇಬೇಕೇ? – ಸೋಮವಾರಪೇಟೆ

ಉತ್ತರ: ಬೇಕಿಲ್ಲ. 60 ದಾಟಿದ ಪುರುಷರನ್ನು, ಯಾವ ವಯಸ್ಸಿನ ಮಹಿಳೆಯರನ್ನೇ ಆಗಲಿ, ಸಾಕ್ಷಿಗಾಗಿ ಅವರು ವಾಸವಿರುವ ಮನೆ ಬಿಟ್ಟು ಬೇರೆಡೆಗೆ ಕರೆಯುವಂತಿಲ್ಲವೆಂದು ಸುರಕ್ಷಾ ಸಂಹಿತೆಯ 179ನೇ ಕಲಮು ಹೇಳುತ್ತದೆ. ನೀವಾಗಿಯೇ ಹೋಗಲು ಇಷ್ಟಪಟ್ಟರೆ ಅಡ್ಡಿಯಿಲ್ಲ. ಮನೆಗೇ ಬಂದು ಹೇಳಿಕೆ ಪಡೆಯಿರೆಂದು ಠಾಣಾಧಿಕಾರಿಗೆ ಒಂದು ಸಾಲಿನ ಪತ್ರ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.