ಸ್ಟೀಲ್‌ಹೆಡ್ ಹಿಡಿಯಲು ಮಾರ್ಗದರ್ಶಿ ಬೇಕೇ?

ಪ್ರಶ್ನೆ: ತುಂಗೆಯ ದಂಡೆಯಲ್ಲಿ ಗಾಳ ಹಾಕುತ್ತಲೇ ಬೆಳೆದವನು ನಾನು. ಅಮೆರಿಕದ ಆರೆಗಾನ್‌ನಲ್ಲಿರುವ ಮಗ ಬರುವ ಜನವರಿಯಲ್ಲಿ ಅಲ್ಲಿನ ಕರಾವಳಿಯ ವಿಲ್ಸನ್ ನದಿಯಲ್ಲಿ ಸ್ಟೀಲ್‌ಹೆಡ್ ಹಿಡಿಯಲು ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡುತ್ತಿದ್ದಾನೆ. ಇದು ಸಾಲ್ಮನ್ ಮೀನೇ? ಗಾಳ ಬಲ್ಲವನಿಗೆ ಮಾರ್ಗದರ್ಶಿ ಯಾಕೆ? ಸಿಕ್ಕ ಮೀನನ್ನು ಬಿಡಬೇಕಾದೀತು ಎನ್ನುತ್ತಾನೆ, ಹಾಗಿದ್ದರೆ ಹಿಡಿಯುವುದೇಕೆ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್. ಹೊಳೆಯಲ್ಲಿ ಹುಟ್ಟಿ, ಉಪ್ಪುನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಇದು ಸಾಲ್ಮನ್‌ಗೆ ಹತ್ತಿರದ ನೆಂಟ. ಆದರೆ ಚಿನೂಕ್, ಕೊಹೊ ಮುಂತಾದ ಶಾಂತಸಾಗರದ ಸಾಲ್ಮನ್‌ಗಳು ಒಮ್ಮೆ ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕುಳಿದು, ಸಮುದ್ರಕ್ಕೆ ಇಳಿದು, ಮತ್ತೊಮ್ಮೆ ಹೊಳೆ ಏರುತ್ತವೆ. ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಮಾರ್ಗದರ್ಶಿಯ ವಿಷಯಕ್ಕೆ ಬರುತ್ತೇನೆ. ತುಂಗೆಯ ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ನಿಲ್ಲುತ್ತದೆಂಬುದು ನಿಮಗೆ ಗೊತ್ತಿರುವುದು ಹಲವು ಮಳೆಗಾಲಗಳನ್ನು ಅಲ್ಲೇ ಕಳೆದಿರುವುದರಿಂದ. ವಿಲ್ಸನ್, ನೆಸ್ಟುಕ್ಕದಂಥ ನದಿಗಳು ಕರಾವಳಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಸ್ವಲ್ಪ ದೂರದಲ್ಲೇ ಸಮುದ್ರ ಸೇರುವಂಥವು. ಚಳಿಗಾಲದ ಒಂದು ಜೋರು ಮಳೆಗೆ ರಾತ್ರೋರಾತ್ರಿ ಕೆಂಪಾಗಿ ಏರಿ, ಮಳೆ ನಿಂತ ಮೇಲೆ ಬೇಗನೆ ಇಳಿಯುತ್ತವೆ. ನೀರು ಇಳಿಯುತ್ತ, ಕೆಸರು ಕುಳಿತು, ತಿಳಿಹಸಿರು ಬಣ್ಣಕ್ಕೆ ತಿರುಗುವ ದಿನಗಳೇ ಸ್ಟೀಲ್‌ಹೆಡ್‌ಗೆ ಪ್ರಶಸ್ತ. ತಣ್ಣನೆಯ ನೀರಿನಲ್ಲಿ ಮೀನು ಬೇಟೆಯ ಹಿಂದೆ ದೂರ ಓಡದು. ಮನುಷ್ಯ ನಡೆಯುವಷ್ಟೇ ವೇಗದ ಹರಿವಿನಲ್ಲಿ, ತಳದ ಹತ್ತಿರ ನಿಂತಿರುತ್ತದೆ. ಚಪ್ಪಟೆ ತಳದ, ಎರಡೂ ತುದಿ ಮೇಲೆದ್ದ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಹುಟ್ಟುಹಾಕುತ್ತ ನಿಧಾನಿಸಿ, ನಿಮ್ಮ ಬೆಂಡು ಸರಿಯಾಗಿ ಆ ಗೆರೆಯಲ್ಲೇ ತೇಲುವಂತೆ ನೋಡಿಕೊಳ್ಳುವುದು ಮಾರ್ಗದರ್ಶಿಯ ನಿಜವಾದ ಕಸುಬು. ಗಾಳ ಎಸೆಯುವುದನ್ನು ಅವರು ನಿಮಗೆ ಕಲಿಸಬೇಕಾಗಿಲ್ಲ.

ಇನ್ನು ಬಿಡುವ ಮಾತು. ದೋಣಿಯ ಪಕ್ಕಕ್ಕೆ ಬಂದ ಮೀನಿನ ಬೆನ್ನ ಮೇಲಿನ ದೊಡ್ಡ ಈಜುರೆಕ್ಕೆಗೂ ಬಾಲಕ್ಕೂ ನಡುವೆ, ಬೆರಳ ತುದಿಯಷ್ಟು ಚಿಕ್ಕದಾದ, ಮೆತ್ತಗಿನ ಇನ್ನೊಂದು ರೆಕ್ಕೆ ಇದೆಯೇ ಎಂದು ಮೊದಲು ನೋಡುತ್ತಾರೆ. ಮರಿಕೇಂದ್ರದಲ್ಲಿ ಬೆಳೆಸಿದ ಮೀನಿಗೆ ಅದನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಅಂಥ ಮೀನನ್ನು ನಿಯಮದ ಮಿತಿಯೊಳಗೆ ಮನೆಗೆ ಒಯ್ಯಬಹುದು. ರೆಕ್ಕೆ ಹಾಗೇ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಕಾಡುಮೀನು, ಬಹುತೇಕ ನದಿಗಳಲ್ಲಿ ಅದನ್ನು ಬಿಡಲೇಬೇಕು. ಬಿಡುವಾಗ ಮೀನನ್ನು ನೀರಿನಿಂದ ಎತ್ತದೆ, ಒದ್ದೆ ಕೈಯಲ್ಲಿ ಬಾಲದ ಬುಡ ಹಿಡಿದು, ತಲೆಯನ್ನು ಹರಿವಿಗೆ ಎದುರಾಗಿಟ್ಟುಕೊಂಡು ಕಾಯಿರಿ. ಕಿವಿರು ಸಮವಾಗಿ ಆಡತೊಡಗಿ, ಬಾಲ ನಿಮ್ಮ ಮುಷ್ಟಿಯನ್ನು ತಾನಾಗಿ ಒದ್ದಾಗ ಕೈ ಸಡಿಲಿಸಿರಿ. ಗಾಳದ ಎದುರುಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಟ್ಟಿದ್ದರೆ ಬಿಡಿಸುವುದು ಸಲೀಸು. ಮುಂಗಾರಿನ ಮೊದಲ ಮಳೆಗೆ ಗದ್ದೆಯಂಚಿನವರೆಗೂ ಏರಿಬರುವ ಹತ್ತುಮೀನನ್ನು, ಹೊಟ್ಟೆ ತುಂಬ ಮೊಟ್ಟೆಯಿರುವಾಗಲೇ ಕತ್ತಿಯಿಂದ ಕಡಿದು ಬುಟ್ಟಿ ತುಂಬಿಸುವ ನಮ್ಮ ರೂಢಿ ನನಗೆ ಬಹಳ ಕಾಲದಿಂದ ನೋವು ಕೊಟ್ಟಿದೆ. ಅದೇ ತುಂಗೆಯಲ್ಲಿ, ಶೃಂಗೇರಿಯ ಮಠದೆದುರು ಮತ್ತು ನಿಮ್ಮ ಛಿಪ್ಪಲಗುಡ್ಡೆಯಲ್ಲಿ ದೇವರ ಮೀನೆಂದು ಯಾರೂ ಮುಟ್ಟದಿರುವುದರಿಂದಲೇ ಮಹಶೀರ್‌ಗಳು ಇಂದಿಗೂ ದಂಡೆಗೆ ಬರುತ್ತವೆ. ಹಿಡಿದು ಬಿಡುವುದು ನಿಮಗೆ ವಿಚಿತ್ರವೆನಿಸಬೇಕಾಗಿಲ್ಲ.

ಪರವಾನಗಿ ಮತ್ತು ಸಾಲ್ಮನ್, ಸ್ಟೀಲ್‌ಹೆಡ್‌ಗೆ ಬೇಕಾದ ಟ್ಯಾಗನ್ನು (ಇಟ್ಟುಕೊಂಡ ಮೀನಿನ ಲೆಕ್ಕ ದಾಖಲಿಸುವ ಚೀಟಿಯನ್ನು) ಮುಂಚೆಯೇ ಪಡೆಯಿರಿ. ಹೊರಗಿನವರಿಗೆ ದಿನದ ಲೆಕ್ಕದ ಪರವಾನಗಿಯೂ ಉಂಟು. ಹತ್ತಿಬಟ್ಟೆ ಒದ್ದೆಯಾದರೆ ಮೈ ಕೊರೆಯುತ್ತದೆ, ಉಣ್ಣೆಯದನ್ನೇ ತೊಡಿರಿ. ಹಣ ಪಡೆದು ಮೀನು ಹಿಡಿಸುವವರು ಆರೆಗಾನ್‌ನಲ್ಲಿ ನೋಂದಾಯಿತರಾಗಿರಬೇಕು, ಅದನ್ನು ಮಗ ವಿಚಾರಿಸಲಿ. ಮುಂಗಡ ಕೊಡುವ ಮೊದಲು ಇನ್ನೊಂದನ್ನೂ ಕೇಳಲಿ: ಹಿಂದಿನ ರಾತ್ರಿ ಮಳೆ ಸುರಿದು ನದಿ ಕೆಂಪಾದರೆ ಬೇರೆ ದಿನ ಕೊಡುತ್ತಾರೆಯೇ, ಅಥವಾ ಆ ನೀರಿಗೇ ದೋಣಿ ಇಳಿಸುತ್ತಾರೆಯೇ?