ಫೋನಿನೊಳಗೆ ಮಾತ್ರ ಬೆಳೀತಿದ್ದ ಮಗು

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಬ್ಬ ತಾಯಿಯ ಕಥೆ ಇದು. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ.

ಬಸುರಿಯಾಗಿದ್ದಾಗ ಐದನೇ ತಿಂಗಳಲ್ಲಿ ಅವರ ಮಗು ಹೋಗಿತ್ತು. ನನ್ನ ಹತ್ರ ಬಂದಿದ್ದು ಅದಾಗಿ ನಾಲ್ಕು ತಿಂಗಳಿಗೆ. ಕೂತವರೇ ಫೋನ್ ತೆಗೆದು ತೋರಿಸಿದ್ರು. ಅಲ್ಲೀತನಕ ಗರ್ಭಿಣಿಯರ ಬಟ್ಟೆ ಜಾಹೀರಾತು ಬರ್ತಿತ್ತಂತೆ, ಆ ವಾರದಿಂದ ತೊಟ್ಟಿಲು, ಡೈಪರ್, ಹಾಲಿನ ಬಾಟಲಿ ಶುರುವಾಗಿತ್ತು. ಡೆಲಿವರಿ ಆಗಬೇಕಿದ್ದ ವಾರ ಅದು. "ನನ್ನ ಮಗು ಇದರೊಳಗೆ ಮಾತ್ರ ಬೆಳೀತಿದೆ ಮೇಡಂ, ಪ್ರೆಗ್ನೆನ್ಸಿ ಆಪ್‌ಗೆ ಡೆಲಿವರಿ ಡೇಟ್ ಕೊಟ್ಟಿದ್ದು ನಾನೇ ಅಲ್ವಾ, ತಪ್ಪು ನಂದೇ" ಅಂದ್ರು.

ನಾನು ಮೊದಲು ಹೇಳಿದ್ದು, ಇದು ನಿಮ್ಮ ತಪ್ಪಲ್ಲ ಅಂತ. ತೊಟ್ಟಿಲಿನ ಫೋಟೋ ನೋಡಿ ಅಳ್ತಾ ಅಲ್ಲೇ ನಿಂತುಬಿಟ್ರೆ, ಎಷ್ಟು ಹೊತ್ತು ನಿಂತ್ರಿ ಅನ್ನೋದನ್ನ ಯಾರಿಗೆ ಏನು ತೋರಿಸಬೇಕು ಅಂತ ತೀರ್ಮಾನಿಸೋ ಅಲ್ಗಾರಿದಮ್ಮು ಆಸಕ್ತಿ ಅಂತ ಲೆಕ್ಕ ಹಾಕಬಹುದು, ದುಃಖಕ್ಕೂ ಆಸೆಗೂ ವ್ಯತ್ಯಾಸ ಅದಕ್ಕೆ ಗೊತ್ತಾಗಲ್ಲ.

ಆಮೇಲೆ ಕೆಲಸಕ್ಕಿಳಿದ್ವಿ. ಆಪ್ ಬರೀ ಅನ್‌ಇನ್‌ಸ್ಟಾಲ್ ಮಾಡಿದ್ರೆ ಕೊಟ್ಟ ಮಾಹಿತಿ ಕಂಪನಿ ಹತ್ರಾನೇ ಉಳಿಯುತ್ತೆ, ಅಕೌಂಟನ್ನೇ ಡಿಲೀಟ್ ಮಾಡಬೇಕು ಅಂದೆ. ಅವರ ಕೈ ನಡುಗ್ತು. ವಾರವಾರವೂ ಬರೆದಿಟ್ಟ ಟಿಪ್ಪಣಿ ಅದರಲ್ಲೇ ಇತ್ತು, ಮಗು ಮೊದಲ ಸಲ ಅಲ್ಲಾಡಿದ್ದೂ ಸೇರಿ. ಆತುರ ಏನಿಲ್ಲ ಅಂತ ಒಂದೊಂದೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡ್ವಿ, ಇಡೀ ಸೆಷನ್ ಅದಕ್ಕೇ ಹೋಯ್ತು, ಹೋಗಲೇಬೇಕಿತ್ತು. ಮುಂದಿನ ಸಲ ಅಕೌಂಟ್ ತೆಗೆದು, ಗೂಗಲ್ ಜಾಹೀರಾತು ಸೆಟ್ಟಿಂಗ್ಸ್‌ನಲ್ಲಿ ಗರ್ಭಧಾರಣೆ, ಮಕ್ಕಳ ಪಾಲನೆ ವಿಷಯ ಕಮ್ಮಿ ಮಾಡಿ, ಜಾಹೀರಾತಿನವರು ಫೋನನ್ನ ಗುರುತು ಹಿಡಿಯೋಕೆ ಬಳಸೋ ಜಾಹೀರಾತು ಐಡಿ ಅಳಿಸಿದ್ವಿ. ಗಂಡನ ಫೋನಲ್ಲೂ ಇದನ್ನೇ ಮಾಡಿಸಿ ಅಂದೆ, ಅವರೂ ಒಬ್ಬರೇ ನೋಡಿ ನೋಡಿ ಸುಮ್ಮನಾಗ್ತಿದ್ರಂತೆ.

ಆದ್ರೆ ಇಷ್ಟೆಲ್ಲ ಹುಡುಕಾಟ ಮಗು ಕಳ್ಕೊಂಡ ತಾಯಿ ಯಾಕೆ ಮಾಡಬೇಕು? ಯುರೋಪಿಯನ್ ಒಕ್ಕೂಟದಲ್ಲಿ 2022ರ ಡಿಜಿಟಲ್ ಸರ್ವಿಸಸ್ ಆಕ್ಟ್ ಅನ್ನೋ ಕಾನೂನಿನ ಪ್ರಕಾರ ಆರೋಗ್ಯದಂಥ ಸೂಕ್ಷ್ಮ ಮಾಹಿತಿಯಿಂದ ಪ್ರೊಫೈಲ್ ಮಾಡಿ, ಅಂದ್ರೆ ನಾವು ಎಂಥವರು ಅಂತ ಅಂದಾಜು ಹಾಕಿ, ಆನ್‌ಲೈನ್ ಪ್ಲಾಟ್‌ಫಾರ್ಮ್‌ಗಳು ಜಾಹೀರಾತು ತೋರಿಸೋ ಹಾಗಿಲ್ಲ, ತುಂಬಾ ದೊಡ್ಡ ಪ್ಲಾಟ್‌ಫಾರ್ಮ್‌ಗಳು ಪ್ರೊಫೈಲ್ ಇಲ್ಲದ ಫೀಡಿನ ಆಯ್ಕೆನೂ ಕೊಡಬೇಕು. ಒಳ್ಳೇದೇ, ಆದ್ರೆ ಆ ಆಯ್ಕೆನ ಹುಡುಕಿ ಒತ್ತಬೇಕಾದವರು ಮತ್ತೆ ಬಳಕೆದಾರರೇ. ನನ್ನ ಕೇಳಿದ್ರೆ ಇಂಥ ಟ್ರ್ಯಾಕಿಂಗ್ ಮೊದಲಿಂದಲೇ ಆಫ್ ಇರಬೇಕು, ಬೇಕಾದವರು ಆನ್ ಮಾಡ್ಕೊಳ್ಳಲಿ. ನೊಂದವರ ಕೈಗೆ ಸೆಟ್ಟಿಂಗ್ಸ್ ಕೊಟ್ಟು ಕಂಪನಿಗಳು ಕೈ ತೊಳ್ಕೊಳ್ಳೋಕೆ ಕಾನೂನು ಬಿಡಬಾರದು.

ಎರಡು ವಾರ ಬಿಟ್ಟು ಬಂದಾಗ ಜಾಹೀರಾತು ಕಮ್ಮಿ ಆಗಿತ್ತು, ಪೂರ್ತಿ ನಿಂತಿರಲಿಲ್ಲ. ಯಾವುದೋ ಕಂಪನಿಯಿಂದ 'ಅಮ್ಮ ಆಗಿದ್ದಕ್ಕೆ ಅಭಿನಂದನೆ' ಅಂತ ಮೇಲ್ ಬಂದಿತ್ತು. ಈ ಸಲ ಅವರು ನಂದೇ ತಪ್ಪು ಅನ್ನಲಿಲ್ಲ, ನನ್ನ ಮಾಹಿತಿ ಅಳಿಸಿ ಅಂತ ಅವರೇ ಉತ್ತರ ಬರೆದು ನಂಗೆ ತೋರಿಸಿದ್ರು.